ಅಜ್ಜಿಗೆ ಇನ್ನೊಂದು ಪಾಪು ಯಾಕಿಲ್ಲ?

ಮನೆಗೆ ಹೊಸ ಪಾಪು ಬಂದಾಗ ಮಕ್ಕಳ ಬಾಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಜ್ಜಿ, ಚಿಕ್ಕಮ್ಮಂಗೆ ಪಾಪು ಬಂತು. ನಿಂಗ್ಯಾಕೆ ಇನ್ನೊಂದು ಪಾಪು ಬರಲ್ಲ?" ಬಾಣಂತಿ ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಗುತ್ತಾರೆ. ಅಜ್ಜಿ ನಾಚಿಕೊಂಡು, "ಹೋಗೋ ತಲೆಹರಟೆ, ಪುಸ್ತಕ ತಗೊಂಡು ಓದ್ಕೋ ಹೋಗು" ಎಂದು ಗದರುತ್ತಾರೆ. ಪ್ರಶ್ನೆ ಅಲ್ಲಿಗೇ ನಿಂತುಹೋಗುತ್ತದೆ.

ನಿಜಕ್ಕೂ ಅದು ತಲೆಹರಟೆ ಪ್ರಶ್ನೆಯಲ್ಲ, ಒಳ್ಳೆಯ ವಿಜ್ಞಾನದ ಪ್ರಶ್ನೆ. ಅದರ ಉತ್ತರ ತಿಳಿಯದೆ ದೊಡ್ಡವರೂ ಎಷ್ಟೋ ಸಲ ಸಲ್ಲದ ಮಾತಾಡುತ್ತಾರೆ. ಮದುವೆಯಾಗಿ ಮೂರು ವರ್ಷವಾದ ಸೊಸೆಯ ಮನಸ್ಸು ನೋಯಿಸುತ್ತಾರೆ. ಆದ್ದರಿಂದ ಈ ವಾರದ ಪುಟವನ್ನು ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕುಳಿತು ಓದಿ.

ಇಂಥದ್ದನ್ನೆಲ್ಲ ಮಕ್ಕಳ ಮುಂದೆ ಹೇಳಬಹುದೇ ಎಂದು ಹಿರಿಯರಿಗೆ ಸಂಕೋಚವಾದರೆ, ನಮ್ಮ ಜಿಲ್ಲೆಯವರೇ ಆದ ಡಾ. ಅನುಪಮಾ ನಿರಂಜನರನ್ನು ನೆನೆಯಿರಿ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಈ ವೈದ್ಯೆ ಮಕ್ಕಳಿಗೆ 'ದಿನಕ್ಕೊಂದು ಕಥೆ' ಬರೆದರು. ಹರೆಯಕ್ಕೆ ಕಾಲಿಡುವ ಹುಡುಗಿಯರಿಗೆ 'ಕೇಳು ಕಿಶೋರಿ' ಬರೆದದ್ದೂ ಅವರೇ, 'ತಾಯಿ ಮಗು' ಬರೆದದ್ದೂ ಅವರೇ. ನಮ್ಮ ಮೈಯ ಸಂಗತಿಯನ್ನು ನಮ್ಮ ಭಾಷೆಯಲ್ಲೇ, ಮುಚ್ಚುಮರೆಯಿಲ್ಲದೆ ಹೇಳಬಹುದು ಎಂದು ಅವರು ಆಗಲೇ ತೋರಿಸಿಕೊಟ್ಟಿದ್ದಾರೆ. ಇವತ್ತಿನ ಎಷ್ಟೋ ಅಜ್ಜಿಯರು ಆ ಪುಸ್ತಕಗಳನ್ನು ಓದಿಯೇ ಬೆಳೆದವರು.

ಅಡಿಕೆಯಷ್ಟು ದೊಡ್ಡ ಉಗ್ರಾಣ

ಹೆಣ್ಣಿನ ಕಿಬ್ಬೊಟ್ಟೆಯಲ್ಲಿ ಗರ್ಭಕೋಶದ ಎಡಕ್ಕೊಂದು, ಬಲಕ್ಕೊಂದು ಅಂಡಾಶಯ ಇರುತ್ತದೆ. ಒಂದೊಂದೂ ಸುಲಿದ ಅಡಿಕೆಗಿಂತ ತುಸು ದೊಡ್ಡದು, ಅಷ್ಟೇ. ಅದರೊಳಗೆ ಇರುವುದು ಅಂಡಾಣುಗಳು. ಬಲಿತ ಅಂಡಾಣು ಕೂಡ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ ಅಗಲ. ಚೂಪು ಪೆನ್ಸಿಲಿನಿಂದ ಇಟ್ಟ ಚುಕ್ಕಿಗಿಂತ ಚಿಕ್ಕದು. ಪ್ರತಿ ಅಂಡಾಣುವಿನ ಸುತ್ತಲೂ ಅದನ್ನು ಕಾಪಾಡುವ ಪುಟ್ಟ ಹೊದಿಕೆಯೊಂದಿದೆ.

ನಾಟಿ ಕೋಳಿ ಕೊಯ್ಯುವುದನ್ನು ಕಂಡ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಮೊಟ್ಟೆಯಿಡುವ ಕೋಳಿಯ ಹೊಟ್ಟೆಯಲ್ಲಿ ಹಳದಿ ಗುಂಡುಗಳ ಗೊಂಚಲು ಕಾಣುತ್ತದೆ. ಒಂದು ದೊಡ್ಡದು, ಅದರ ಪಕ್ಕದ್ದು ಸ್ವಲ್ಪ ಸಣ್ಣದು, ಉಳಿದವು ಸಾಸಿವೆಯ ಹಾಗೆ. ಇವತ್ತಿನದು, ನಾಳೆಯದು, ಮುಂದಿನ ತಿಂಗಳಿನದು, ಎಲ್ಲ ಸಾಲಾಗಿ ಕಾದಿರುತ್ತವೆ. ಮನುಷ್ಯರಲ್ಲೂ ಹಾಗೆಯೇ. ಹುಡುಗಿ ಹನ್ನೆರಡು, ಹದಿಮೂರರ ಹೊತ್ತಿಗೆ ಮೈನೆರೆದ ಮೇಲೆ ತಿಂಗಳಿಗೆ ಸಾಮಾನ್ಯವಾಗಿ ಒಂದು ಅಂಡಾಣು ಬಲಿತು ಹೊರಗೆ ಬರುತ್ತದೆ. ತಂದೆಯಿಂದ ಬರುವ ವೀರ್ಯಾಣು ಅದರೊಡನೆ ಸೇರಿದರೆ ಮಗು. ಸೇರದಿದ್ದರೆ, ಮಗುವಿಗೆಂದು ಗರ್ಭಕೋಶ ಸಿದ್ಧಪಡಿಸಿದ್ದ ಮೆತ್ತನೆ ಪದರ ಕಳಚಿ ಹೊರಹೋಗುತ್ತದೆ. ಅದೇ ಮುಟ್ಟು.

ಒಳಹರಿವಿಲ್ಲದ ಜಲಾಶಯ

ಮಳೆಗಾಲದಲ್ಲಿ ಶಿವಮೊಗ್ಗ, ಭದ್ರಾವತಿಯ ಅಜ್ಜಂದಿರು ಬೆಳಗ್ಗೆ ಪೇಪರು ಬಿಡಿಸಿದರೆ ಮೊದಲು ಹುಡುಕುವುದು ಜಲಾಶಯಗಳ ಮಟ್ಟವನ್ನು. ಗಾಜನೂರು ಚಿಕ್ಕದು, ಬೇಗ ತುಂಬಿಬಿಡುತ್ತದೆ. ಲಕ್ಕವಳ್ಳಿಯ ಭದ್ರೆಯ ಗರಿಷ್ಠ ಮಟ್ಟ 186 ಅಡಿ. ಇವತ್ತು ಎಷ್ಟಾಯಿತು? ಒಳಹರಿವು ಎಷ್ಟು, ಹೊರಹರಿವು ಎಷ್ಟು? ಬೇಸಿಗೆಯಲ್ಲಿ ನಾಲೆಗೆ ಬಿಟ್ಟೂ ಬಿಟ್ಟೂ ಇಳಿದ ನೀರು ಮಳೆ ಹಿಡಿದರೆ ಮತ್ತೆ ಏರುತ್ತದೆ. ತುಂಬಿದ ವರ್ಷ ಬಾಗಿನ ಅರ್ಪಿಸುತ್ತಾರೆ.

ಅಂಡಾಶಯವನ್ನೂ ಇಂಥದೊಂದು ಜಲಾಶಯ ಎಂದುಕೊಳ್ಳಿ. ವೈದ್ಯರು ಅದರಲ್ಲಿ ಉಳಿದಿರುವ ಅಂಡಾಣುಗಳ ಸಂಗ್ರಹವನ್ನು 'ಅಂಡಾಶಯದ ಮೀಸಲು' ಎನ್ನುತ್ತಾರೆ. ಭದ್ರೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಈ ಜಲಾಶಯಕ್ಕೆ ಒಳಹರಿವೇ ಇಲ್ಲ. ಅದು ತುಂಬುವುದು ಒಂದೇ ಸಲ, ಅದೂ ಹೆಣ್ಣುಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗ. ಆಮೇಲೆ ಇರುವುದು ಹೊರಹರಿವು ಮಾತ್ರ.

1963ರಲ್ಲಿ ಟಿ.ಜಿ. ಬೇಕರ್ ಎಂಬ ವಿಜ್ಞಾನಿ ಸೂಕ್ಷ್ಮದರ್ಶಕದ ಕೆಳಗೆ ಇದನ್ನು ತಾಳ್ಮೆಯಿಂದ ಎಣಿಸಿ ನೋಡಿದರು. ಆಮೇಲೆ ಬಂದವರು ಬೇರೆ ಬೇರೆ ವಯಸ್ಸಿನ ಲೆಕ್ಕ ಸೇರಿಸಿದರು. ಇಬ್ಬರು ಹೆಂಗಸರ ಲೆಕ್ಕ ಒಂದೇ ಆಗಿರುವುದಿಲ್ಲ. ಆದರೂ ಪಠ್ಯಪುಸ್ತಕಗಳು ಕೊಡುವ ಸುಮಾರು ಲೆಕ್ಕ ಹೀಗಿದೆ:

ತಾಯಿಯ ಹೊಟ್ಟೆಯಲ್ಲಿ ಐದನೇ ತಿಂಗಳು: 60ರಿಂದ 70 ಲಕ್ಷ
ಹುಟ್ಟಿದ ದಿನ: 10ರಿಂದ 20 ಲಕ್ಷ
ಮೈನೆರೆಯುವಾಗ: 3ರಿಂದ 4 ಲಕ್ಷ
37-38ನೇ ವಯಸ್ಸು: ಸುಮಾರು 25 ಸಾವಿರ
ಮುಟ್ಟು ನಿಲ್ಲುವಾಗ: ಸುಮಾರು 1 ಸಾವಿರ

ನೋಡಿದಿರಾ? ತೊಟ್ಟಿಲಿಗೆ ಬರುವ ಮೊದಲೇ ಮುಕ್ಕಾಲು ಪಾಲು ಖಾಲಿ!

ಈಗ ಪೆನ್ಸಿಲ್ ತೆಗೆದುಕೊಳ್ಳಿ ಮಕ್ಕಳೇ. ವರ್ಷಕ್ಕೆ 12ರಂತೆ 35 ವರ್ಷ ಅಂಡಾಣು ಬಿಡುಗಡೆಯಾದರೆ ಒಟ್ಟು ಎಷ್ಟು? 420. ಮೈನೆರೆಯುವಾಗ ಇದ್ದದ್ದು 3 ಲಕ್ಷ. ಹಾಗಾದರೆ ಉಳಿದವು ಎಲ್ಲಿ ಹೋದವು? ಎರಡನೇ ಲೆಕ್ಕ ಮಾಡಿ. 12ರಿಂದ 37ರವರೆಗೆ 25 ವರ್ಷ, ಅಂದರೆ 300 ತಿಂಗಳು. 3 ಲಕ್ಷದಲ್ಲಿ 25 ಸಾವಿರ ಕಳೆದರೆ 2,75,000. ಅದನ್ನು 300ರಿಂದ ಭಾಗಿಸಿ. ತಿಂಗಳಿಗೆ 900ಕ್ಕಿಂತ ಹೆಚ್ಚು, ದಿನಕ್ಕೆ ಸುಮಾರು 30! ತಿಂಗಳಿಗೆ ಒಂದು ಬಲಿತು ಹೊರಬಂದರೆ ನೂರಾರು ಅಂಡಾಣುಗಳು ತಾವಾಗಿಯೇ ಸೊರಗಿ ಮೈಯೊಳಗೇ ಕರಗುತ್ತವೆ. ಭತ್ತದ ಸಸಿಮಡಿಯಲ್ಲಿ ಚೆಲ್ಲಿದ ಬೀಜವೆಲ್ಲ ತೆನೆಯಾಗುವುದಿಲ್ಲವಲ್ಲ, ಹಾಗೆ.

ಇದು ರೋಗವಲ್ಲ. ಗಟ್ಟಿಮುಟ್ಟಾದ, ಒಂದು ದಿನವೂ ಆಸ್ಪತ್ರೆ ಮೆಟ್ಟಿಲು ಹತ್ತದ ಹೆಂಗಸಿನಲ್ಲೂ ಇದು ನಡೆಯುತ್ತದೆ. ಅವಳು ಬಸುರಿಯಾಗಿದ್ದರೂ ನಿಲ್ಲುವುದಿಲ್ಲ, ಮದುವೆಯಾಗದಿದ್ದರೂ ನಿಲ್ಲುವುದಿಲ್ಲ, ಮಾತ್ರೆ ನುಂಗಿದರೂ ನಿಲ್ಲುವುದಿಲ್ಲ. ಕಷಾಯ, ಲೇಹ್ಯ, ಪುಡಿ, ಜ್ಯೂಸು ಯಾವುದೂ ಈ ಜಲಾಶಯಕ್ಕೆ ಒಂದು ಹನಿ ಸೇರಿಸಲಾರದು. ಸೇರಿಸುತ್ತೇವೆ ಎಂದು ಯಾರಾದರೂ ಜಾಹೀರಾತು ಕೊಟ್ಟರೆ ದುಡ್ಡು ಜೋಪಾನ.

ನೀವು ಅಜ್ಜಿಯ ಹೊಟ್ಟೆಯಲ್ಲೂ ಇದ್ದಿರಿ

ಮೇಲಿನ ಪಟ್ಟಿಯ ಮೊದಲ ಸಾಲನ್ನು ಇನ್ನೊಮ್ಮೆ ಓದಿ. ಹೆಣ್ಣುಮಗುವಿನ ಅಂಡಾಣುಗಳೆಲ್ಲ ಅವಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಸಿದ್ಧ. ಅಂದರೆ ಮುಂದೆ ನೀವಾದ ಆ ಅಂಡಾಣು, ನಿಮ್ಮ ಅಮ್ಮ ಅಜ್ಜಿಯ ಹೊಟ್ಟೆಯಲ್ಲಿದ್ದಾಗಲೇ ಅಮ್ಮನೊಳಗೆ ಇತ್ತು! ನಿಮ್ಮ ಅಮ್ಮ 1985ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರಾದರೆ, ಆ ವರ್ಷ ತುಂಬಿದ ಬಸುರಿಯಾಗಿ ಅಜ್ಜಿ ನಡೆದಾಡುತ್ತಿದ್ದಾಗ ಅವರ ಜೊತೆ ನೀವೂ ಒಂದು ಚುಕ್ಕಿಗಿಂತ ಚಿಕ್ಕದಾಗಿ ನಡೆದಾಡಿದ್ದೀರಿ. ಊರಿನಲ್ಲಿ ಉಕ್ಕಿನ ಕಾರ್ಖಾನೆಯೂ ಕಾಗದದ ಕಾರ್ಖಾನೆಯೂ ಪಾಳಿಯ ಮೇಲೆ ನಡೆಯುತ್ತಿದ್ದ ಕಾಲ ಅದು. ಅಜ್ಜಿ, ಅಮ್ಮ, ನೀವು, ಮೂವರೂ ಒಂದೇ ಸೀರೆಯ ಸೆರಗಿನಡಿ.

ಅಪ್ಪನ ಅಮ್ಮನಿಗೆ ಬೇಜಾರು ಬೇಡ. ಅವರು ಹೀಗೆ ಹೊತ್ತದ್ದು ನಿಮ್ಮ ಅತ್ತೆಯ ಮಕ್ಕಳನ್ನು.

ಹಾಗಾದರೆ ಅಜ್ಜನ ಲೆಕ್ಕ? ಗಂಡಸರಲ್ಲಿ ಈ ಸಂಗ್ರಹದ ಏರ್ಪಾಡು ಇಲ್ಲ. ಹರೆಯ ಬಂದಂದಿನಿಂದ ಅವರ ಮೈ ವೀರ್ಯಾಣುಗಳನ್ನು ದಿನದಿನವೂ ಹೊಸದಾಗಿ ತಯಾರಿಸುತ್ತದೆ. ಒಂದು ತಂಡ ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಅದು ಜಲಾಶಯವಲ್ಲ, ಹರಿಯುವ ತುಂಗೆ. ಆದರೆ ಬೇಸಿಗೆಯಲ್ಲಿ ತುಂಗೆಯೂ ಸೊರಗುವ ಹಾಗೆ, ವಯಸ್ಸಾದಂತೆ ಅದರ ಗುಣವೂ ಕುಂದುತ್ತದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಡೆಯ ಕಾರಣವೂ ಇರುತ್ತದೆ. ಸೊಸೆಯ ಕಡೆಗೆ ಮಾತ್ರ ಬೆರಳು ತೋರಿಸುವವರು ಇದನ್ನು ಎರಡು ಸಲ ಓದಬೇಕು.

ಬಾಳೆನಾರಿನ ಮಾಲೆ

ಮಟ್ಟ ಇಳಿಯುವುದು ಒಂದು ಸಂಗತಿಯಾದರೆ, ಉಳಿದ ಅಂಡಾಣುಗಳಿಗೂ ವಯಸ್ಸಾಗುವುದು ಇನ್ನೊಂದು. 35 ವರ್ಷದ ಹೆಂಗಸಿನಲ್ಲಿ ಈ ತಿಂಗಳು ಬಲಿಯುವ ಅಂಡಾಣುವಿಗೂ 35 ತುಂಬಿರುತ್ತದೆ. ಅದು ತನ್ನ ಕ್ರೋಮೋಸೋಮುಗಳನ್ನು ಹಂಚಿಕೊಳ್ಳುವ ಕೆಲಸವನ್ನು ಹುಟ್ಟುವ ಮೊದಲೇ ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿ, ಕಾದು ಕುಳಿತಿರುತ್ತದೆ. ಅರ್ಧ ಕಟ್ಟಿಟ್ಟ ಮಾಲೆಯ ಬಾಳೆನಾರು ಒಣಗುತ್ತಾ ಸಡಿಲವಾಗುವ ಹಾಗೆ, ಕ್ರೋಮೋಸೋಮುಗಳನ್ನು ಜೋಡಿಯಾಗಿ ಹಿಡಿದ ಎಳೆಗಳೂ ವರ್ಷ ಕಳೆದಂತೆ ಸಡಿಲವಾಗುತ್ತವೆ. ಕೆಲಸ ಮುಂದುವರಿದಾಗ ಹಂಚಿಕೆಯಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಆಗಬಹುದು. ವಯಸ್ಸಾದಂತೆ ಗರ್ಭ ನಿಲ್ಲುವುದು ಕಷ್ಟವಾಗುವುದಕ್ಕೂ, ನಿಂತದ್ದು ಇಳಿದುಹೋಗುವುದಕ್ಕೂ ಇದೇ ದೊಡ್ಡ ಕಾರಣ.

30ರ ವಯಸ್ಸಿನ ಆರೋಗ್ಯವಂತ ಹೆಂಗಸಿಗೆ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 20. 40ರಲ್ಲಿ ಅದು 5ಕ್ಕಿಂತ ಕಡಿಮೆ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಾಧ್ಯತೆ ತಾಯಿಗೆ 35 ಆದಾಗ ಸುಮಾರು 350ರಲ್ಲಿ ಒಂದು, 40ರಲ್ಲಿ ಸುಮಾರು 100ರಲ್ಲಿ ಒಂದು. ನಿಮ್ಮ ತರಗತಿಯಲ್ಲಿ, ಬೀದಿಯಲ್ಲಿ ಅಂಥ ಗೆಳೆಯ ಗೆಳತಿ ಇದ್ದರೆ ಅವರನ್ನು ಆಟಕ್ಕೆ ಕರೆಯಿರಿ. ಅದು ಯಾರ ಪಾಪದ ಫಲವೂ ಅಲ್ಲ, ಹಂಚಿಕೆಯಲ್ಲಿ ಒಂದು ಎಳೆ ಹೆಚ್ಚು ಬಂತು, ಅಷ್ಟೇ. 40ರಲ್ಲೂ ನೂರರಲ್ಲಿ 99 ಮಕ್ಕಳಿಗೆ ಇದು ಇರುವುದಿಲ್ಲ ಎಂಬುದನ್ನೂ ಮರೆಯಬಾರದು.

"ಹಾಗಾದರೆ 70 ದಾಟಿದವರೂ ಹೆತ್ತರು ಎಂದು ಪೇಪರಿನಲ್ಲಿ ಬಂದಿತ್ತಲ್ಲ?" ಎಂದು ಯಾರಾದರೂ ಅಜ್ಜ ಕೇಳಬಹುದು. ಬಂದಿತ್ತು. 2019ರಲ್ಲಿ ಆಂಧ್ರದ ಗುಂಟೂರಿನಲ್ಲಿ ಅಂಥವರೊಬ್ಬರು ಅವಳಿ ಹೆಣ್ಣುಮಕ್ಕಳನ್ನು ಹೆತ್ತರು. ಆದರೆ ಅಂಡಾಣು ಅವರದಲ್ಲ, ಬೇರೊಬ್ಬರು ದಾನ ಮಾಡಿದ್ದು. ಗರ್ಭಕೋಶ ಔಷಧಿಯ ಬಲದಿಂದ ಮಗುವನ್ನು ಹೊರಬಲ್ಲದು, ಆದರೆ ಬರಿದಾದ ಅಂಡಾಶಯವನ್ನು ತುಂಬಿಸುವ ಔಷಧಿ ಇಲ್ಲ. ಅಷ್ಟು ವಯಸ್ಸಿನ ಹೆರಿಗೆ ತಾಯಿಯ ಜೀವಕ್ಕೂ ಅಪಾಯ. 2021ರ ಕಾನೂನು ಇಂಥ ಚಿಕಿತ್ಸೆಗೆ ಹೆಂಗಸಿನ ವಯಸ್ಸು 50 ಮೀರಬಾರದು, ಗಂಡಸಿನದು 55 ಮೀರಬಾರದು ಎಂದು ಗೆರೆ ಎಳೆದಿದೆ.

ಮಟ್ಟ ಅಳೆಯುವ ಪಟ್ಟಿ

ಅಣೆಕಟ್ಟೆಯ ಗೋಡೆಯಲ್ಲಿ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ ಇರುತ್ತದಲ್ಲ, ಈ ಜಲಾಶಯಕ್ಕೂ ಅಂಥ ಎರಡು ಪಟ್ಟಿಗಳಿವೆ. ಒಂದು ರಕ್ತಪರೀಕ್ಷೆ, ಅದರ ಹೆಸರು ಎ.ಎಂ.ಎಚ್. ಬಲಿಯಲು ಹೊರಟ ಪುಟ್ಟ ಹೊದಿಕೆಗಳು ರಕ್ತಕ್ಕೆ ಬಿಡುವ ಒಂದು ರಸದ ಪ್ರಮಾಣವನ್ನು ಅದು ಅಳೆಯುತ್ತದೆ. 25ರ ಆಸುಪಾಸಿನಲ್ಲಿ ಅತಿ ಹೆಚ್ಚಿದ್ದು, ಆಮೇಲೆ ಇಳಿಯುತ್ತ ಹೋಗಿ, ಮುಟ್ಟು ನಿಲ್ಲುವ ಹೊತ್ತಿಗೆ ಇಲ್ಲವೆನ್ನುವಷ್ಟಾಗುತ್ತದೆ. ಇನ್ನೊಂದು ಸ್ಕ್ಯಾನಿಂಗ್. ಎರಡೂ ಅಂಡಾಶಯಗಳಲ್ಲಿ ಕಾಣುವ ಸಣ್ಣ ಗುಳ್ಳೆಗಳನ್ನು ವೈದ್ಯರು ಎಣಿಸುತ್ತಾರೆ.

ಈಗ ಮನೆಯ ಹಿರಿಯರು ಗಮನವಿಟ್ಟು ಓದಬೇಕಾದ ಮಾತು. ಅಳತೆಪಟ್ಟಿ ನೀರು ಎಷ್ಟಿದೆ ಎಂದು ಹೇಳುತ್ತದೆ, ನೀರು ಹೇಗಿದೆ ಎಂದು ಹೇಳುವುದಿಲ್ಲ. ಅಮೆರಿಕದಲ್ಲಿ 30ರಿಂದ 44 ವಯಸ್ಸಿನ, ಮಕ್ಕಳಾಗದ ತೊಂದರೆ ಮೊದಲು ಇರದಿದ್ದ, ಸುಮಾರು 750 ಹೆಂಗಸರನ್ನು ಗಮನಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಎ.ಎಂ.ಎಚ್. ಕಡಿಮೆ ಇದ್ದವರೂ, ಸರಿಯಾಗಿ ಇದ್ದವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಸುರಿಯಾದರು. ತಿಂಗಳಿಗೆ ಬೇಕಾದದ್ದು ಒಂದೇ ಒಂದು ಒಳ್ಳೆಯ ಅಂಡಾಣು ತಾನೆ? ಆದ್ದರಿಂದಲೇ 2019ರಲ್ಲಿ ಅಲ್ಲಿಯ ಪ್ರಸೂತಿ ತಜ್ಞರ ಸಂಘ, ತೊಂದರೆಯಿಲ್ಲದ ಹೆಂಗಸರ ಭವಿಷ್ಯ ಹೇಳಲು ಈ ಪರೀಕ್ಷೆ ಬಳಸಬೇಡಿ ಎಂದು ವೈದ್ಯರಿಗೆ ಸಲಹೆ ಕೊಟ್ಟಿತು. ಚಿಕಿತ್ಸೆ ಪಡೆಯುವವರಿಗೆ, ಎಷ್ಟು ಔಷಧಿ ಕೊಡಬೇಕೆಂದು ತೀರ್ಮಾನಿಸಲು, ಅದು ಬೇಕು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಲ್ಯಾಬಿನ ಚೀಟಿ ಹಿಡಿದು ಅಳುತ್ತ ಫೋನು ಮಾಡಿದರೆ ಇದನ್ನು ಹೇಳಿ. ಆ ಅಂಕಿ ಹಣೆಬರಹವಲ್ಲ.

ಹಾಗೆಂದು ವಯಸ್ಸನ್ನು ಕಡೆಗಣಿಸುವಂತೆಯೂ ಇಲ್ಲ. ಸ್ಪೇನಿನ ಮತ್ತು ಭಾರತದ ಹೆಂಗಸರನ್ನು ಹೋಲಿಸಿ 2014ರಲ್ಲಿ ಬಂದ ಒಂದು ಅಧ್ಯಯನ, ನಮ್ಮವರ ಮೀಸಲು ಸುಮಾರು ಆರು ವರ್ಷ ಮೊದಲೇ ಇಳಿಯುವಂತೆ ಕಾಣುತ್ತದೆ ಎಂದಿತು. ಅವರೆಲ್ಲ ಚಿಕಿತ್ಸೆಗೆಂದು ಬಂದವರು. ಆದ್ದರಿಂದ ಎಲ್ಲರಿಗೂ ಅದನ್ನೇ ಅನ್ವಯಿಸಲಾಗದು. ಆದರೂ ನೆನಪಿಡಬೇಕಾದ ಮಾತು. ಮಗು ಬೇಕೆಂದು ಒಂದು ವರ್ಷ ಕಾದೂ ಆಗದಿದ್ದರೆ, 35 ದಾಟಿದ್ದರೆ ಆರೇ ತಿಂಗಳಿಗೆ, ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗಬೇಕು. ಹರಕೆ ಹೊರುವವರು ಹೊರಲಿ, ಆದರೆ ಹರಕೆಯ ಹೆಸರಿನಲ್ಲಿ ವರ್ಷಗಳು ಜಾರದಿರಲಿ.

ಮುಟ್ಟು ನಿಲ್ಲುವ ಕಾಲ

ಮೀಸಲು ಸಾವಿರದ ಹತ್ತಿರ ಬಂದಾಗ ಮುಟ್ಟು ಏರುಪೇರಾಗಿ, ಕೊನೆಗೆ ನಿಲ್ಲುತ್ತದೆ. ಹನ್ನೆರಡು ತಿಂಗಳು ಸತತವಾಗಿ ಬರದಿದ್ದರೆ ನಿಂತಿತು ಎಂದು ಅರ್ಥ. ಯುರೋಪಿನಲ್ಲಿ ಇದು ಸರಾಸರಿ 51ಕ್ಕೆ, ನಮ್ಮ ದೇಶದಲ್ಲಿ ಸುಮಾರು 46-47ಕ್ಕೆ. ಮಲೆನಾಡಿನ ಚಳಿಯ ರಾತ್ರಿಯಲ್ಲೂ ಅಮ್ಮ ಇದ್ದಕ್ಕಿದ್ದಂತೆ ಕಂಬಳಿ ಒದ್ದು, ಬೆವರೊರೆಸಿಕೊಂಡು, ಫ್ಯಾನ್ ಹಾಕು ಎಂದರೆ ನಗಬೇಡಿ ಮಕ್ಕಳೇ. ಎದ್ದು ಫ್ಯಾನ್ ಹಾಕಿ. ಅಂಡಾಶಯ ಕಳಿಸುತ್ತಿದ್ದ ಹಾರ್ಮೋನು ಕಡಿಮೆಯಾದಾಗ ಹಾಗಾಗುತ್ತದೆ.

ಅಜ್ಜಿಯರಿಗೂ ಅಮ್ಮಂದಿರಿಗೂ ನಾಲ್ಕು ಮಾತು. ಒಂದು, 40ಕ್ಕೆ ಮೊದಲೇ ಮುಟ್ಟು ನಿಂತರೆ ಅದು ಸಹಜವಲ್ಲ. ನೂರರಲ್ಲಿ ಸುಮಾರು ಒಬ್ಬರಿಗೆ ಹಾಗಾಗುತ್ತದೆ. ಪೀಡೆ ತೊಲಗಿತು ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ, ಮೂಳೆ ಮತ್ತು ಹೃದಯ ಕಾಯುವ ಚಿಕಿತ್ಸೆ ಇದೆ. ಎರಡು, ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಒಂದೇ ಹನಿಯಾದರೂ ಸರಿ, ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ವೈದ್ಯರಲ್ಲಿಗೋ ಹೋಗಿ. ನಾಚಿಕೆಯಿಂದ ಮುಚ್ಚಿಡಬೇಡಿ. ಮೂರು, ಗರ್ಭಕೋಶ ತೆಗೆಯಬೇಕು ಎಂದು ಯಾರಾದರೂ ಹೇಳಿದರೆ, "ಅಂಡಾಶಯ ಉಳಿಸುತ್ತೀರಾ?" ಎಂದು ಕೇಳಿ. ಎರಡೂ ಒಂದೇ ಅಲ್ಲ. ನಾಲ್ಕು, ಬೀಡಿ ಸಿಗರೇಟಿನ ಹೊಗೆ ಈ ಜಲಾಶಯವನ್ನು ಬೇಗ ಬರಿದು ಮಾಡುತ್ತದೆ. ಸೇದುವವರಲ್ಲಿ ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ.

ಅಜ್ಜಿ ಎಂಬ ಅಪರೂಪ

ಸಕ್ರೆಬೈಲಿಗೆ ಹೋದಾಗ ಗಾಜನೂರು ಹಿನ್ನೀರಿನಲ್ಲಿ ಸ್ನಾನ ಮಾಡುವ ಆನೆಗಳನ್ನು ನೋಡಿದ್ದೀರಲ್ಲ? ಹೆಣ್ಣಾನೆ 50 ದಾಟಿದ ಮೇಲೂ ಮರಿ ಹಾಕಿದ ದಾಖಲೆಗಳಿವೆ. ಹೆಚ್ಚಿನ ಪ್ರಾಣಿಗಳು ಬದುಕಿರುವಷ್ಟು ಕಾಲ ಹೆರುತ್ತವೆ. ಹೆರುವುದು ನಿಂತ ಮೇಲೂ ದಶಕಗಟ್ಟಲೆ ಬದುಕುವ ಜೀವಿಗಳು ಬಹಳ ಕಡಿಮೆ. ಓರ್ಕಾದಂಥ ಕೆಲವು ತಿಮಿಂಗಿಲಗಳು, ಮತ್ತು ನಾವು.

ಯಾಕೆ ಹೀಗೆ? ಅಮೆರಿಕದ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ಆಫ್ರಿಕದ ಟಾಂಜಾನಿಯಾದಲ್ಲಿ ಹಡ್ಜಾ ಎಂಬ ಜನರ ನಡುವೆ ಇದ್ದು ಗಮನಿಸಿದರು. ಮಗಳು ಎಳೆಗೂಸನ್ನು ನೋಡಿಕೊಳ್ಳುವಾಗ, ಗಟ್ಟಿ ನೆಲ ಅಗೆದು ಗೆಡ್ಡೆ ತೆಗೆದು ದೊಡ್ಡ ಮೊಮ್ಮಕ್ಕಳ ಹೊಟ್ಟೆ ತುಂಬಿಸುತ್ತಿದ್ದವರು ಅಜ್ಜಿಯರು. ಹಳೆಯ ಕಾಲದ ಫಿನ್ಲೆಂಡ್ ಮತ್ತು ಕೆನಡಾದ ದಾಖಲೆಗಳನ್ನು ಜಾಲಾಡಿದವರು 2004ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. 50ರ ನಂತರ ಅಜ್ಜಿ ಬದುಕಿದ ಪ್ರತಿ ಹತ್ತು ವರ್ಷಕ್ಕೆ ಆ ಮನೆತನದಲ್ಲಿ ಸರಾಸರಿ ಇಬ್ಬರು ಮೊಮ್ಮಕ್ಕಳು ಹೆಚ್ಚು. ತಾನು ಹೆರುವುದನ್ನು ನಿಲ್ಲಿಸಿ ಮಗಳ, ಸೊಸೆಯ ಮಕ್ಕಳನ್ನು ಸಾಕಿದ್ದರಿಂದಲೇ ಮನುಷ್ಯ ಕುಲ ಬೆಳೆಯಿತು ಎಂಬುದು ಹಲವು ವಿಜ್ಞಾನಿಗಳ ಊಹೆ. ಎಲ್ಲರೂ ಒಪ್ಪಿಲ್ಲ, ಚರ್ಚೆ ನಡೆದಿದೆ. ಆದರೆ ಬಾಣಂತಿಗೆ ನೀರು ಹಾಕಿ, ಕೂಸಿಗೆ ಎಣ್ಣೆ ತಿಕ್ಕಿ, ಸಂಜೆಗೆ ದೊಡ್ಡ ಮೊಮ್ಮಗಳ ಮಗ್ಗಿ ಒಪ್ಪಿಸಿಕೊಳ್ಳುವ ಅಜ್ಜಿಯಿರುವ ಮನೆಯವರಿಗೆ ಇದನ್ನು ನಂಬುವುದು ಕಷ್ಟವಲ್ಲ.

ಹಾಗಾಗಿ "ಅಜ್ಜಿ, ನಿಂಗ್ಯಾಕೆ ಇನ್ನೊಂದು ಪಾಪು ಬರಲ್ಲ?" ಎಂದು ಇನ್ನು ಮುಂದೆ ಯಾರಾದರೂ ಕೇಳಿದರೆ ಅಜ್ಜಿಯರು ಗದರಬೇಕಿಲ್ಲ. "ನನ್ನ ಜಲಾಶಯದ ನೀರು ಮುಗೀತು ಪುಟ್ಟಾ. ನಿನ್ನ ಸಾಕೋದೇ ಈಗ ನನ್ನ ಕೆಲಸ" ಎಂದರೆ ಸಾಕು.

ಈ ವಾರದ ಕೆಲಸ: ಒಂದು ಹಾಳೆಯಲ್ಲಿ ಅಮ್ಮನ ಅಮ್ಮ, ಅಮ್ಮ, ನೀವು, ಮೂವರೂ ಹುಟ್ಟಿದ ವರ್ಷ ಬರೆಯಿರಿ. ನೀವಾದ ಅಂಡಾಣು ಯಾವ ವರ್ಷ ತಯಾರಾಯಿತು, ಆಗ ಅಜ್ಜಿ ಯಾವ ಊರಿನಲ್ಲಿ ಯಾವ ಮನೆಯಲ್ಲಿದ್ದರು, ಆ ಬಸುರಿಯಲ್ಲಿ ಅವರಿಗೆ ಏನು ತಿನ್ನುವ ಬಯಕೆಯಾಗಿತ್ತು, ಕೇಳಿ ಬರೆದುಕೊಳ್ಳಿ. ಅಜ್ಜಿ ಹುಟ್ಟಿದ ತಾರೀಖು ಗೊತ್ತಿಲ್ಲ ಎಂದರೆ ಅಜ್ಜನನ್ನು ಕೇಳಿ. ಯಾವ ಮಳೆಗಾಲ, ಯಾವ ನೆರೆ ಎಂದಾದರೂ ಅವರು ಹೇಳಿಯಾರು.